ಫಕೀರವ್ವನ ಕೌದಿಗೆ ಹಿಂದಿನ ಕೊಂಡಿ

ಹೂಂ ಅನ್ನುವವರು ಮುಂದೆ ಬಂದು ಕೂಡಿ, ಆಕಳಿಸುವವರು ಗೋಡೆಗೆ ಸರಿಯಿರಿ. ಇದು ಜಾಣರ ಕತೆ ಅಲ್ಲ. ಜಾಣರು ಒಂದು ಮಾತಿನೊಳಗೆ ಎರಡು ಅರ್ಥ ಇಟ್ಟು ಆಡುತ್ತಾರೆ, ತಿಳಿಯದವನನ್ನು ಪೆದ್ದ ಅನ್ನುತ್ತಾರೆ. ನನಗೆ ಅದೇ ಸಿಟ್ಟು. ಸಿಟ್ಟು ನನ್ನ ಹತ್ತಿರ ಇರಲಿ, ಕತೆ ನೀವು ಇಟ್ಟುಕೊಳ್ಳಿ.

ಸಂಕದಾಳ ಅಂತ ಒಂದು ಊರು. ಅಲ್ಲಿ ಫಕೀರವ್ವ ಅಂತ ಒಬ್ಬ ತಾಯಿ, ಮುದಕಪ್ಪ ಅಂತ ಒಬ್ಬ ಮಗ. ಹೆಸರು ಮುದಕಪ್ಪ, ವಯಸ್ಸು ಇಪ್ಪತ್ತೆರಡು. ಕೂಡು ಅಂದರೆ ಕೂಡುವವನು, ಏಳು ಅಂದರೆ ಏಳುವವನು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಅಂಥ ಮಗನನ್ನು ಕೊಡು ಅಂತ ಎಷ್ಟೋ ತಾಯಂದಿರು ಬೇಡಿಕೊಳ್ಳುತ್ತಾರೆ. ಫಕೀರವ್ವ ಮಾತ್ರ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ಫಕೀರವ್ವ ಕೌದಿ ಹೊಲಿಯುವಾಕೆ. ಹಳೆಯ ಸೀರೆ, ಧೋತರ, ಕುಬಸದ ತುಂಡು ಕೂಡಿಸಿ, ಒಂದರ ಮೇಲೊಂದು ಹಾಸಿ, ಸೂಜಿ ಎಳೆದರೆ ಅದು ಕೌದಿ. ಒಬ್ಬಳೇ ಹೊಲಿಯುವ ಕೆಲಸ ಅಲ್ಲ ಅದು. ಪಡಸಾಲೆಯಲ್ಲಿ ಕೌದಿ ಹಾಸಿದರೆ ಸುತ್ತ ಆರು ಹೆಂಗಸರು ಕೂಡುತ್ತಿದ್ದರು. ಹೊಲಿಗೆ ನಡೆಯಬೇಕು, ಮಾತು ನಡೆಯಬೇಕು, ಯಾರದೋ ಅತ್ತೆಯ ಸುದ್ದಿ ನಡೆಯಬೇಕು. ಗಂಡ ಸತ್ತ ಮೇಲೆ ಫಕೀರವ್ವನನ್ನು ಬದುಕಿಸಿದ್ದು ಆ ಪಡಸಾಲೆ.

ಆದರೆ ಕೌದಿ ಕೊಳ್ಳುವವರು ಕಡಿಮೆಯಾದರು. ನಲವತ್ತು ಕೌದಿ ಮಡಚಿ ಮಡಚಿ ಮಾಡಿನ ತನಕ ಏರಿದವು. ಪಕ್ಕದ ಊರಿನಲ್ಲಿ ಬಟ್ಟೆ ಫ್ಯಾಕ್ಟರಿ ಬಂತು. ಬಸ್ಸು ಕಳಿಸಿ ಕರೆದೊಯ್ಯುತ್ತೇವೆ ಅಂದಿತು. ಆರು ಹೆಂಗಸರು ಒಂದು ದಿನ ಸೂಜಿ ಕೆಳಗಿಟ್ಟರು. ಅವರಲ್ಲಿ ಹನಮವ್ವ ಅನ್ನುವಾಕೆ ಬಾಯಿ ಬಿಟ್ಟಳು.

"ಯಕ್ಕಾ, ಸಿಟ್ಟಾಗಬ್ಯಾಡ. ಶ್ರಾವಣ ಮುಗಿಯೂದರಾಗ ಹೊರಗಿಂದ ಆರ್ಡರ್ ಬಂದ್ರ ಇಲ್ಲೇ ಕುಂದ್ರತೇವಿ. ಬರಲಿಲ್ಲಂದ್ರ ಅದು ಮುಗಿದ ಸೋಮವಾರ ಬಸ್ಸು ಹತ್ತತೇವಿ."

ಫಕೀರವ್ವ ಚಪ್ಪಲಿಯನ್ನೂ ಮೆಟ್ಟಲಿಲ್ಲ. ಓಡಿದಳು ದಾವಲನ ಅಂಗಡಿಗೆ. ದಾವಲ ಝೆರಾಕ್ಸ್ ತೆಗೆಯುವವನು, ಕಂಪ್ಯೂಟರ್ ಇಟ್ಟುಕೊಂಡವನು, ಫಕೀರವ್ವನ ಕೌದಿಗೆ ಒಂದು ವೆಬ್‌ಸೈಟ್ ಮಾಡಿಕೊಟ್ಟವನು. ಹಿಂದೆ ಹಿಂದೆ ಮುದಕಪ್ಪನೂ ಹೋದ.

"ಯಕ್ಕಾ, ನಿನ್ನ ವೆಬ್‌ಸೈಟ್ ಐತಿ, ಖರೇ. ಆದ್ರ ಹುಡುಕಿದ್ರ ಸಿಗವಲ್ದು. ಕೌದಿ ಅಂತ ಹುಡುಕಿದ್ರ ಮಷಿನ್ ರಗ್ಗು ಮಾರೋರು ಮೊದಲ ಬರ್ತಾರ. ನೀ ಎಪ್ಪತ್ತನೇ ಪುಟದಾಗ ಅದೀ. ಅಲ್ಲೀ ಮಟ ಯಾರೂ ಬರಂಗಿಲ್ಲ."

"ಮತ್ತ ಏನ ಮಾಡಬೇಕೋ ತಮ್ಮಾ?"

"ಬ್ಯಾಕ್‌ಲಿಂಕ್ ಬೇಕು. ಹಿಂದಿನ ಕೊಂಡಿ ಅನ್ನು. ಮಂದಿ ಕಡೆ ನಿನ್ನ ಕೊಂಡಿ ಇರಬೇಕು. ಎಷ್ಟು ಮಂದಿ ಕಡೆ ಇರತಾವೋ ಅಷ್ಟು ನೀ ಮ್ಯಾಲ ಬರ್ತಿ."

ಫಕೀರವ್ವನಿಗೆ ಒಂದಕ್ಷರ ತಿಳಿಯಲಿಲ್ಲ. ತಿಳಿದವಳ ಹಾಗೆ ಗೋಣು ಹಾಕಿದಳು. ನಾವು ನೀವು ಏನು ಬೇರೆ ಮಾಡುತ್ತೇವೆ? ಮನೆಗೆ ಬಂದು ಮಗನಿಗೆ ಹೇಳಿದಳು.

"ಮುದಕಪ್ಪಾ, ಕೇಳಿದೆಲ್ಲ? ಮಂದಿಗೆ ನಮ್ಮ ಹಿಂದಿನ ಕೊಂಡಿ ಇರಬೇಕಂತ. ನೀನೂ ಒಂದೀಟು ಓಡಾಡು. ತಿಳೀತೇನೋ?"

"ತಿಳೀತು ಬಿಡವ್ವಾ."

ತಿಳಿಯದೆ ಏನು? ಕೊಂಡಿ ಅವನಿಗೆ ಗೊತ್ತು. ಕುಬಸಕ್ಕೆ ಹಚ್ಚುವ ಕೊಂಡಿ ಅವ್ವನ ಡಬ್ಬಿಯ ತುಂಬ ಇದ್ದವು. ಹಿಂದೆ ಅಂದರೂ ಗೊತ್ತು, ಬೆನ್ನು. ಮಂದಿ ಎಲ್ಲಿ ಸಿಗುತ್ತಾರೆ? ಮಂದಿ ಸಿಗದಿದ್ದರೂ ಮಂದಿಯ ಅಂಗಿ ಇಸ್ತ್ರಿ ಅಂಗಡಿಯಲ್ಲಿ ಸಿಗುತ್ತವೆ. ಇಸ್ತ್ರಿಯವನು ಊಟಕ್ಕೆ ಹೋದಾಗ ಮುದಕಪ್ಪ ಒಳಗೆ ಕುಳಿತ. ಒಂದು ಅಂಗಿಯ ಬೆನ್ನಿಗೆ ಒಂದು ಕೊಂಡಿ. ಇನ್ನೊಂದು ಅಂಗಿಯ ಬೆನ್ನಿಗೆ ಇನ್ನೊಂದು ಕೊಂಡಿ. ಅರವತ್ತು ಅಂಗಿಗೆ ಅರವತ್ತು ಕೊಂಡಿ. ಹೊಲಿಗೆ ಮಾತ್ರ ಗಟ್ಟಿ, ಅವ್ವ ಕಲಿಸಿದ್ದು.

ಮರುದಿನ ಊರು ಊರೇ ಎದ್ದು ಕುಣಿಯಿತು. ಪಂಚಾಯ್ತಿ ಕಾರ್ಯದರ್ಶಿ ಕುರ್ಚಿಗೆ ಒರಗಿದವನು ಚೇಳು ಕಡಿಯಿತೆಂದು ಮೇಜು ಹತ್ತಿದ. ಚೇಳಿಗೂ ಕೊಂಡಿಯೇ ತಾನೆ? ಅವನು ಅಂದಿದ್ದರಲ್ಲಿ ತಪ್ಪಿಲ್ಲ. ರೇಷನ್ ಸಾಲಿನಲ್ಲಿ ಆರು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಬೆನ್ನು ತಿರುಗಿಸಿ ನಿಂತಿದ್ದರು. ಬೆನ್ನಿಗೆ ಬೆನ್ನು ಸಿಕ್ಕಿಕೊಂಡಿತು. ಇವನು ಎಳೆದರೆ ಅವನು ಬಂದ, ಅವನು ಎಳೆದರೆ ಇವನು ಬಂದ. ಹಾಗೇ ಅಡ್ಡಡ್ಡ ನಡೆದುಕೊಂಡು ಫಕೀರವ್ವನ ಮನೆಗೆ ಬಂದು ಬೈದರು. ಆರು ವರ್ಷದ ಮೇಲೆ ಇಬ್ಬರೂ ಒಂದೇ ಮಾತು ಆಡಿದ್ದು ಅಂದೇ.

"ಏನ ಮಾಡಿದ್ಯೋ ಹುಚ್ಚಪ್ಯಾಲಿ?" ಅಂದಳು ಫಕೀರವ್ವ.

"ಕೊಂಡಿ ಹಚ್ಚಿದೆ. ಹಿಂದ ಹಚ್ಚಿದೆ. ಮ್ಯಾಲ ಬಂದಿವೇನವ್ವಾ?"

ಅವಳು ಮತ್ತೆ ದಾವಲನ ಹತ್ತಿರ ಹೋದಳು. ದಾವಲ ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ಆಮೇಲೆ ಬಿಡಿಸಿ ಹೇಳಿದ.

"ಯಕ್ಕಾ, ಬ್ಯಾರೆದವರು ತಮ್ಮ ವೆಬ್‌ಸೈಟಿನ್ಯಾಗ ನಿನ್ನ ಹೆಸರು ಬರೀಬೇಕು. ಆ ಹೆಸರು ಒತ್ತಿದ್ರ ನಿನ್ನ ವೆಬ್‌ಸೈಟ್ ತೆರೀಬೇಕು. ಅದಕ್ಕ ಕೊಂಡಿ ಅಂತಾರ. ನಾಕು ಮಂದಿ ನಿನ್ನ ಹೆಸರು ಹೇಳಾಕ ಹತ್ತಿದ್ರ ಹುಡುಕೋ ಯಂತ್ರಕ್ಕೂ ಅನಸತೈತಿ, ಈಕಿ ಕೌದಿ ಛಲೋ ಇರಬೇಕು, ಮ್ಯಾಲ ತರೂಣು ಅಂತ."

ಇದು ಫಕೀರವ್ವನಿಗೆ ಅರ್ಧ ತಿಳಿಯಿತು. ಆ ಅರ್ಧವನ್ನು ಮನೆಗೆ ತಂದು ಮಗನಿಗೆ ಕೊಟ್ಟಳು.

"ಕೊಂಡಿ ಅಂದ್ರ ಕುಬಸದ ಕೊಂಡಿ ಅಲ್ಲೋ ಮಬ್ಬಾ. ಮಂದಿ ಬಾಯಾಗ ನಮ್ಮ ಹೆಸರು ಇರಬೇಕು. ಎಲ್ಲಾರ ಬಾಯಾಗೂ ನಮ್ಮ ಹೆಸರು. ತಿಳೀತೇನೋ?"

"ತಿಳೀತು ಬಿಡವ್ವಾ."

ತಿಳಿಯದೆ ಏನು? ಮನೆಯಲ್ಲಿ ಹೆಸರು ಇತ್ತು. ಹೋದ ಮುಂಗಾರಿನ ಹೆಸರು, ಡಬ್ಬಿಯ ತುಂಬ, ಹಸಿರು ಹಸಿರಾಗಿ. ಮುದಕಪ್ಪ ಎರಡು ಸೇರು ಹೆಸರುಕಾಳು ಚೀಲಕ್ಕೆ ಹಾಕಿಕೊಂಡು ಹೊರಟ. ಕಟ್ಟೆಯ ಮೇಲೆ ಒಬ್ಬ ಅಜ್ಜ ಬಾಯಿ ತೆರೆದು ನಿದ್ದೆ ಹೋಗಿದ್ದ. ಮುದಕಪ್ಪ ಒಂದು ಹಿಡಿ ಹೆಸರು ಹಾಕಿದ. ಶಾಲೆಯಲ್ಲಿ ಮಾಸ್ತರರು ಆ ಅಂತ ಪಾಠ ಹೇಳುತ್ತಿದ್ದರು. ಕಿಟಕಿಯಿಂದ ಒಂದು ಹಿಡಿ ಹಾಕಿದ. ಭಜನೆಯವರು ತಲೆ ಎತ್ತಿ ರಾಗ ಎಳೆಯುತ್ತಿದ್ದರು. ಸಾಲಾಗಿ ಹಾಕಿಕೊಂಡು ಹೋದ. ಹಲ್ಲಿನ ಡಾಕ್ಟರು ಒಬ್ಬ ಹೆಂಗಸಿನ ಬಾಯಿ ತೆರೆಸಿ ಇಕ್ಕಳ ತರಲು ತಿರುಗಿದ್ದರು. ಅಲ್ಲಿಯೂ ಹಾಕಿದ. ಡಾಕ್ಟರು ತಿರುಗಿ ನೋಡಿದರೆ ಹಲ್ಲೇ ಕಾಣುವುದಿಲ್ಲ, ಬರೀ ಹಸಿರು.

ಸಂಜೆಯೊಳಗೆ ಮತ್ತೆ ಜನ ಬಂದರು. ಮಾಸ್ತರರು ಇನ್ನೂ ಉಗುಳುತ್ತಲೇ ಬಂದರು.

"ಫಕೀರವ್ವಾ, ನಿನ್ನ ಮಗಗ ಏನಾಗೇತಿ?"

"ಏನೋ ಇದು?" ಅಂದಳು ಫಕೀರವ್ವ ಮಗನಿಗೆ.

"ಎಲ್ಲಾರ ಬಾಯಾಗೂ ಹೆಸರು ಐತವ್ವಾ. ಡಬ್ಬಿ ಖಾಲಿ ಆತು. ಕಡ್ಲಿ ಹಾಕಲೇನು?"

ಆಕೆ ತಲೆ ಮೇಲೆ ಕೈ ಹೊತ್ತು ಕುಳಿತಳು. ಪಡಸಾಲೆಯಲ್ಲಿ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಗುತ್ತಲೇ ಹನಮವ್ವ ಗೋಡೆಯ ಕ್ಯಾಲೆಂಡರ್ ನೋಡಿದಳು. ಅದನ್ನು ಫಕೀರವ್ವ ಕಂಡಳು. ಶ್ರಾವಣ ಮುಗಿಯಲು ಮೂರು ವಾರ ಉಳಿದಿತ್ತು.

ದಾವಲ ಈ ಸಲ ಅಷ್ಟು ನಗಲಿಲ್ಲ.

"ಯಕ್ಕಾ, ಸಿಕ್ಕಸಿಕ್ಕವರು ಹೇಳಿದ್ರ ನಡಿಯಂಗಿಲ್ಲ. ಎಮ್ಮಿ ಮಾರೋನು ಕೌದಿ ಛಲೋ ಅಂದ್ರ ಯಂತ್ರ ನಂಬಂಗಿಲ್ಲ. ನಮ್ಮ ಕೆಲಸಕ್ಕ ಸಂಬಂಧ ಇದ್ದವರು ಹೇಳಬೇಕು. ಗಾದಿ ಮಾರೋರು, ದಿಂಬು ಮಾರೋರು, ಅಂಥವರು."

ಫಕೀರವ್ವ ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಹಿಡಿದುಕೊಂಡು ಬಂದಳು, ಚೆಲ್ಲಬಾರದೆಂದು.

"ಹೆಸರಂದ್ರ ಕಾಳಲ್ಲೋ. ಅದನ್ನ ಬಿಡು. ಗಾದಿ ಅಂಗಡಿ ಮಲಕಾಜಪ್ಪ ಅದಾನಲ್ಲ, ಅಂಥವರ ಕೂಡ ನಾವು ಸಂಬಂಧ ಬೆಳಸಬೇಕು. ಹೋಗಿ ಮರ್ಯಾದಿಲೆ ಕೇಳು. ತಿಳೀತೇನೋ?"

"ತಿಳೀತು ಬಿಡವ್ವಾ."

ಗಾದಿ ಅಂಗಡಿಯ ಮಲಕಾಜಪ್ಪನಿಗೆ ಈರಣ್ಣ ಅಂತ ಮಗ. ಮೂವತ್ತೊಂದು ವರ್ಷ, ಕನ್ಯೆ ಸಿಕ್ಕಿರಲಿಲ್ಲ. ಇಪ್ಪತ್ತು ಊರು ತಿರುಗಿ ಮಲಕಾಜಪ್ಪನ ಚಪ್ಪಲಿ ಸವೆದಿತ್ತು. ಅಂಥವನ ಮುಂದೆ ಮುದಕಪ್ಪ ಕೈ ಮುಗಿದು ನಿಂತ.

"ಮಾಮಾರ, ನಿಮ್ಮ ಕೂಡ ಸಂಬಂಧ ಬೆಳಸಬೇಕಂತ ಅವ್ವ ಕಳಿಸ್ಯಾಳ."

ಮಲಕಾಜಪ್ಪ ಹತ್ತಿ ತುಂಬುವುದನ್ನು ಬಿಟ್ಟು ಎದ್ದ. ಚಹಾ ತರಿಸಿದ.

"ಬಾಳ ಛಲೋ ಆತು. ನಿಮ್ಮ ಮನ್ಯಾಗ ಯಾರದಾರ ತಮ್ಮಾ? ನಮಗ ಗೊತ್ತ ಇರಲಿಲ್ಲ."

"ಅವ್ವ ಕೈಯಾರೆ ತಯಾರ ಮಾಡ್ಯಾಳ್ರಿ. ಇನ್ನೂ ಹೊರಗ ಬಿಟ್ಟಿಲ್ಲ."

ನಮ್ಮ ಕಡೆ ಹುಡುಗಿಗೂ ಐತಿ ಅನ್ನುತ್ತಾರೆ, ಹಾಸಿಗೆಗೂ ಐತಿ ಅನ್ನುತ್ತಾರೆ. ಮಲಕಾಜಪ್ಪ ಹುಡುಗಿ ಅಂದುಕೊಂಡ, ಮುದಕಪ್ಪ ಕೌದಿ ಅಂದುಕೊಂಡ. ಮುಂದಿನ ಮಾತು ಬಂಡಿ ಇಳಿಜಾರಿಗೆ ಬಿದ್ದ ಹಾಗೆ ತಾನಾಗಿ ಓಡಿತು.

"ಬಣ್ಣ ಹೆಂಗೈತಿ?"

"ಕೆಂಪ ಐತ್ರಿ."

"ಎತ್ತರ?"

"ಆರು ಫೂಟು."

"ಎತ್ತರ ಜಾಸ್ತಿ ಆತಲ್ಲೋ."

"ಮಡಚಿದ್ರ ಸಣ್ಣದಾಕ್ಕೈತ್ರಿ."

ಮಲಕಾಜಪ್ಪ ತಲೆ ಕೆರೆದುಕೊಂಡ. ವಿನಯವಂತೆ, ಬಗ್ಗಿ ನಡೆಯುತ್ತಾಳೆ ಅಂತ ಅರ್ಥ ಮಾಡಿಕೊಂಡ.

"ಮಾತು?"

"ಮಾತಿಲ್ರಿ. ಹಾಕಿದಲ್ಲೇ ಬೀಳತೈತಿ."

ಐತವಾರ ಒಂಬತ್ತು ಜನ ಬಂದರು. ತೆಂಗಿನಕಾಯಿ, ಎಲೆ ಅಡಿಕೆ, ಹೂವಿನ ದಂಡೆ, ಈರಣ್ಣನ ಮೈಗೆ ಹೊಸ ಅಂಗಿ. ಫಕೀರವ್ವ ಗಾದಿ ಅಂಗಡಿಯವರು ಕೌದಿ ನೋಡಲು ಬಂದರು ಅಂತ ಹಿಗ್ಗಿದಳು. ಇಷ್ಟು ಜನ ಯಾಕೆ, ಹೂವು ಯಾಕೆ ಅಂತ ತಿಳಿಯಲಿಲ್ಲ. ಇದೂ ವೆಬ್‌ಸೈಟಿನ ಪದ್ಧತಿ ಇರಬೇಕು ಅಂದುಕೊಂಡಳು.

"ಕರಕೊಂಡ ಬರ್ರಿ ಮತ್ತ," ಅಂದ ಮಲಕಾಜಪ್ಪ.

ಮುದಕಪ್ಪ ಒಳಗಿನಿಂದ ಕೆಂಪು ಕೌದಿ ಹೊತ್ತು ತಂದು ಮಣೆಯ ಮೇಲೆ ಇಟ್ಟ. ಒಂಬತ್ತು ಜನ ಕೌದಿ ನೋಡಿದರು. ಬಾಗಿಲು ನೋಡಿದರು. ಮತ್ತೆ ಕೌದಿ ನೋಡಿದರು.

"ಕನ್ಯಾ ಎಲ್ಲಿ?"

"ಯಾವ ಕನ್ಯಾ?" ಅಂದಳು ಫಕೀರವ್ವ.

"ಯಾವ ಕನ್ಯಾ ಅಂದ್ರ ಏನು? ಸಂಬಂಧ ಕೇಳಿದವರು ನೀವು."

"ಹೌದು, ಸಂಬಂಧ ಬೇಕಂದೆ. ವೆಬ್‌ಸೈಟಿಗೆ."

"ವೆಬ್‌ಸೈಟ್ ಅಂದ್ರ ಯಾರು? ಎರಡನೇ ಮಗಳೇನು?"

ಅಲ್ಲಿಂದ ಮುಂದೆ ಯಾರು ಯಾರಿಗೆ ಏನು ಅಂದರು ಅಂತ ನನಗೂ ಹೇಳಲು ಬರುವುದಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡಿದರು. ಈರಣ್ಣನ ಅಜ್ಜಿ ಮಾತ್ರ ಕೌದಿ ಸವರುತ್ತ ಕುಳಿತಿದ್ದಳು. ಬೆಚ್ಚಗೈತಿ, ಜಗಳ ಮಾಡಂಗಿಲ್ಲ, ಇದನ್ನೇ ಮಾಡಿಕೊಳ್ಳೂಣು ಅಂದಳು. ಅವಳ ಮಾತು ಯಾರೂ ಕೇಳಲಿಲ್ಲ. ಮಲಕಾಜಪ್ಪ ತೆಂಗಿನಕಾಯಿ ತಿರುಗಿ ಚೀಲಕ್ಕೆ ಹಾಕಿಕೊಂಡು ಹೋದ. ಈರಣ್ಣನ ಮುಖ ನೋಡಿ ಫಕೀರವ್ವನಿಗೆ ಸಂಕಟವಾಯಿತು. ಆ ಸಂಕಟವೆಲ್ಲ ಮಗನ ಮೇಲೆ ಸಿಟ್ಟಾಗಿ ಇಳಿಯಿತು.

"ಸಂಬಂಧ ಅಂದ್ರ ಬೀಗತನ ಅಲ್ಲೋ, ನನ್ನ ಹೊಟ್ಟಿ ಉರಸಾಂವ."

"ಮತ್ತ ಏನವ್ವಾ?"

ಮತ್ತೆ ಏನು ಅಂತ ಅವಳಿಗೂ ಗೊತ್ತಿರಲಿಲ್ಲ. ಅದೇ ಕಷ್ಟ. ದಾವಲನ ಹತ್ತಿರ ಹೋದಳು. ಎರಡು ವಾರವೂ ಉಳಿದಿರಲಿಲ್ಲ. ದಾವಲ ಕುರ್ಚಿ ಎಳೆದು ಕೂಡಿಸಿದ.

"ಯಕ್ಕಾ, ಅವನ್ನ ಓಡಾಡಸಬ್ಯಾಡ. ನಾನ ಒಬ್ಬರಿಗೆ ಬರದೇನಿ. ಧಾರವಾಡದ ಅಂಬುಜಾಬಾಯಿ ಅಂತ, ನೇಯ್ಗಿ ಹೊಲಿಗಿ ಬಗ್ಗೆ ಬರೀತಾರ. ಅವರ ವೆಬ್‌ಸೈಟ್ ಸಾವಿರಾರು ಮಂದಿ ಓದತಾರ. ನೂರು ಮಂದಿ ಹೇಳೂದು ಒಂದು, ಅಂಥಾ ತೂಕದವರು ಒಬ್ಬರು ಹೇಳೂದು ಒಂದು. ಯಂತ್ರನೂ ತೂಕ ನೋಡತೈತಿ. ಬಂದ್ರ ಛಂದಂಗೆ ಮಾತಾಡ್ರಿ."

ಫಕೀರವ್ವ ಮನೆಗೆ ಬಂದು ಮಗನನ್ನು ಎದುರಿಗೆ ಕೂಡಿಸಿಕೊಂಡಳು. ಈ ಸಲ ಮೆಲ್ಲಗೆ, ಒಂದೊಂದೇ ಮಾತು ಹೇಳಿದಳು.

"ನೀ ಎಲ್ಲೂ ಹೋಗಬ್ಯಾಡ. ತೂಕದವರು ಮನಿಗೆ ಬರ್ತಾರ. ತೂಕ ಇದ್ದವರು ಹೇಳಿದ್ರ ನಮ್ಮ ಕೆಲಸ ಆಗತೈತಿ. ಹಗುರ ಮಂದಿ ಕೂಡ ಮಾತ ಬ್ಯಾಡ. ತಿಳೀತೇನೋ?"

"ತಿಳೀತು ಬಿಡವ್ವಾ."

ಮುದಕಪ್ಪ ಕಾಳಿನ ಅಂಗಡಿಗೆ ಹೋಗಿ ಚೀಲ ತೂಗುವ ಕಾಟಾ ಬೇಡಿ ತಂದ. ಹೊಸ್ತಿಲ ಹೊರಗೆ ಇಟ್ಟ. ಅವ್ವ ಬಾವಿಯ ಕಡೆ ಹೋಗಿದ್ದಳು. ಬಂದವರನ್ನೆಲ್ಲ ಹತ್ತಿಸಿ ತೂಗಿದ. ಹಾಲಿನವನು ಐವತ್ತೆಂಟು, ಹೋಗು. ಅಂಚೆಯವನು ಅರವತ್ತು, ಹೋಗು. ಪೈಲ್ವಾನ ಸಿದ್ದಲಿಂಗಪ್ಪ ದಾರಿಯಲ್ಲಿ ಹೋಗುತ್ತಿದ್ದ. ಕರೆದು ಹತ್ತಿಸಿದರೆ ನೂರಾ ಮೂವತ್ತು. ಮುದಕಪ್ಪನಿಗೆ ಆನಂದವಾಯಿತು. ಒಳಗೆ ಕರೆದೊಯ್ದು ಕೌದಿಯ ಮೇಲೆ ಕೂಡಿಸಿದ.

"ಕೌದಿ ಛಲೋ ಐತಿ ಅನ್ರಿ."

"ಛಲೋ ಐತಿ," ಅಂದ ಪೈಲ್ವಾನ. ಅಂದವನು ಅಲ್ಲೇ ಉರುಳಿ ಗೊರಕೆ ಹೊಡೆದ.

ಅಷ್ಟರಲ್ಲಿ ಒಬ್ಬ ಹೆಂಗಸು ಬಂದರು. ಬಿಳಿ ಕೂದಲು, ಹತ್ತಿ ಸೀರೆ, ಹೆಗಲಿಗೆ ಚೀಲ. ಗಾಳಿ ಬಂದರೆ ಹಾರಿಹೋಗುವಂತಿದ್ದರು.

"ಫಕೀರವ್ವ ಅವರ ಮನಿ ಇದೇ ಏನಪಾ? ನಾ ಅಂಬುಜಾಬಾಯಿ, ಧಾರವಾಡದಿಂದ ಬಂದೇನಿ."

"ಮೊದಲ ಇದರ ಮ್ಯಾಲ ನಿಂದರ್ರಿ."

"ಯಾಕ?"

"ಅವ್ವ ಹೇಳ್ಯಾಳ್ರಿ."

ಪಾಪ, ದೊಡ್ಡ ಮನಸ್ಸಿನವರು, ನಿಂತರು. ಮುಳ್ಳು ಅಲುಗಾಡಿ ನಲವತ್ತೊಂದರಲ್ಲಿ ನಿಂತಿತು. ಮುದಕಪ್ಪ ತಲೆ ಅಲ್ಲಾಡಿಸಿದ.

"ನಡಿಯಂಗಿಲ್ಲ್ರಿ ಬಾಯಾರ. ನೀವು ಬಾಳ ಹಗುರ ಅದೀರಿ. ನಿಮ್ಮ ಕೂಡ ಮಾತ ಬ್ಯಾಡಂದಾಳ."

"ನಾ ಬರೀಬೇಕಂತ ಬಂದಿದ್ದೆ."

"ಬರಿಯೂದು ಬ್ಯಾಡ್ರಿ. ಒಳಗ ನೂರಾ ಮೂವತ್ತು ಕಿಲೋದವರು ಮಲಗ್ಯಾರ."

ಅಂಬುಜಾಬಾಯಿ ಕಾಟಾದಿಂದ ಇಳಿದರು. ಚೀಲ ಸರಿಪಡಿಸಿಕೊಂಡು ತಿರುಗಿ ನಡೆದರು. ಫಕೀರವ್ವ ಕೊಡ ಹೊತ್ತು ಬಂದಾಗ ಮಗ ನಗುನಗುತ್ತಾ ವರದಿ ಒಪ್ಪಿಸಿದ. ಧಾರವಾಡ ಅನ್ನುವ ಮಾತು ಕೇಳಿದ್ದೇ ತಡ, ಕೊಡ ಅಲ್ಲೇ ಬಿತ್ತು. ರಾಶಿಯಿಂದ ಒಂದು ಕೌದಿ ಹಿರಿದು ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದಳು.

ಅಂಬುಜಾಬಾಯಿ ಬೇವಿನ ಮರದ ಕೆಳಗೆ ಬಸ್ಸು ಕಾಯುತ್ತಿದ್ದರು.

"ಬಾಯಾರ, ಸಿಟ್ಟಾಗಬ್ಯಾಡ್ರಿ. ನನ್ನ ಮಗ... ಅವಗ ಹೇಳಿದ್ದಷ್ಟ ತಿಳಿತೈತ್ರಿ."

"ಸಿಟ್ಟಿಲ್ಲವ್ವಾ. ತೂಗಿದ್ದು ಯಾಕಂತ ಅಷ್ಟ ಹೇಳು. ತಲಿ ಕೊರಿಯಾಕ ಹತ್ತೇತಿ."

ಫಕೀರವ್ವ ಹೇಳಿದಳು. ತೂಕದ್ದು ಹೇಳಿದಳು. ತೂಕ ತಿಳಿಯಬೇಕಾದರೆ ಸಂಬಂಧ ಹೇಳಬೇಕಾಯಿತು, ಸಂಬಂಧ ತಿಳಿಯಬೇಕಾದರೆ ಹೆಸರು, ಹೆಸರು ತಿಳಿಯಬೇಕಾದರೆ ಕೊಂಡಿ. ಎಲ್ಲ ಹೇಳಿ ಕೊನೆಗೆ ಆರು ಹೆಂಗಸರ ವಿಷಯ ಹೇಳಿದಳು. ಅವರು ಹೋದರೆ ಆ ಪಡಸಾಲೆಯಲ್ಲಿ ನಾನು ಒಬ್ಬಳೇ ಹೇಗೆ ಕೂಡಲಿ ಅಂದಳು. ನಕ್ಕು ನಕ್ಕು ಮರಕ್ಕೆ ಒರಗಿದ್ದ ಅಂಬುಜಾಬಾಯಿ ನಗು ನಿಲ್ಲಿಸಿದರು. ಬಸ್ಸು ಬಂತು, ಹತ್ತಲಿಲ್ಲ. ಫಕೀರವ್ವನ ಜೊತೆ ಹೊರಳಿ ಬಂದು ಹೊತ್ತು ಇಳಿಯುವ ತನಕ ಪಡಸಾಲೆಯಲ್ಲಿ ಕುಳಿತರು. ತಾವೂ ಒಂದು ಸಾಲು ಹೊಲಿದರು.

ನಾಲ್ಕನೇ ದಿನ ಬರೆದರು. ನನ್ನನ್ನು ಹಗುರ ಅಂತ ಹೊರಗೆ ಹಾಕಿದ ಮನೆಯ ಕೌದಿ ಅಂತ ಶುರುಮಾಡಿ, ಕೌದಿಯ ಗುಣ ಬರೆದು, ಫಕೀರವ್ವನ ವೆಬ್‌ಸೈಟಿಗೆ ಕೊಂಡಿ ಹಾಕಿದರು. ಓದಿದವರು ನಕ್ಕರು. ನಕ್ಕವರು ತಮ್ಮ ತಮ್ಮ ಪುಟದಲ್ಲಿ ಹಾಕಿಕೊಂಡರು. ಅಲ್ಲಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಎಪ್ಪತ್ತನೇ ಪುಟದ ಕೌದಿ ಮೂವತ್ತಕ್ಕೆ ಬಂತು, ಹತ್ತಕ್ಕೆ ಬಂತು. ಗುರುವಾರ ದಾವಲ ಫೋನು ಹಿಡಿದುಕೊಂಡು ಓಡಿಬಂದ.

"ಯಕ್ಕಾ, ಕೌದಿ ಅಂತ ಹುಡುಕಿದ್ರ ಈಗ ಮೊದಲ ನೀನ ಸಿಗತಿ."

ಶುಕ್ರವಾರ ಬೆಳಗಾವಿ ಕಡೆಯ ಒಂದು ಅತಿಥಿಗೃಹದವರು ಫೋನು ಮಾಡಿದರು. ಚಳಿಗಾಲಕ್ಕೆ ನೂರು ಕೌದಿ ಬೇಕು, ಶನಿವಾರ ಬಂದು ನೋಡುತ್ತೇವೆ, ಮನಸ್ಸಿಗೆ ಬಂದರೆ ಅಲ್ಲೇ ಹೇಳಿಬಿಡುತ್ತೇವೆ ಅಂದರು. ಶನಿವಾರ ಶ್ರಾವಣದ ಕೊನೆ. ಸೋಮವಾರ ಫ್ಯಾಕ್ಟರಿ ಬಸ್ಸು. ಆ ಆರು ಹೆಂಗಸರಿಗೆ ಫ್ಯಾಕ್ಟರಿಯವರು ಗುರುತಿನ ಚೀಟಿಯನ್ನೂ ಕೊಟ್ಟಾಗಿತ್ತು.

ಶನಿವಾರ ಬೆಳಿಗ್ಗೆ ಫಕೀರವ್ವ ಪಡಸಾಲೆ ಸಾರಿಸಿದಳು. ಹೆಂಗಸರನ್ನು ಮನೆ ಮನೆಗೆ ಹೋಗಿ ಕರೆತರಲು ಹೊರಟಳು. ಬಾಗಿಲಲ್ಲಿ ಮಗನಿಗೆ ಹೇಳಿದಳು.

"ಮಂದಿ ನಮ್ಮನ್ನ ಹುಡುಕ್ಕೊಂತ ಬರ್ತಾರ. ದೂರದಿಂದ ಹುಡುಕ್ಕೊಂತ ಬರ್ತಾರೋ. ನೀ ಮನ್ಯಾಗ ಇರು. ಬ್ಯಾರೆ ಏನೂ ಮಾಡಬ್ಯಾಡ. ತಿಳೀತೇನೋ?"

"ತಿಳೀತು ಬಿಡವ್ವಾ."

ಅವ್ವ ಹೋದ ಮೇಲೆ ಮುದಕಪ್ಪ ಯೋಚನೆ ಮಾಡಿದ. ಅವನು ಯೋಚನೆ ಮಾಡಿದ್ದು ಅದೇ ಮೊದಲು. ಮಂದಿ ಹುಡುಕುತ್ತಾ ಬರುತ್ತಾರೆ. ಎದುರಿಗೇ ಇದ್ದರೆ ಏನು ಹುಡುಕುತ್ತಾರೆ? ಅಷ್ಟು ದೂರದಿಂದ ಬಂದವರಿಗೆ ಹುಡುಕಲು ಏನೂ ಇಲ್ಲದಿದ್ದರೆ ಬೇಜಾರಾಗುವುದಿಲ್ಲವೆ? ಗೋಡೆಯ ಮೇಲಿನ ಬೋರ್ಡು ಇಳಿಸಿದ. ಹಿತ್ತಿಲಲ್ಲಿ ಕಾಳು ತುಂಬುವ ಹಳೆಯ ಹಗೇವು ಇತ್ತು, ನೆಲದೊಳಗೆ. ನಲವತ್ತು ಕೌದಿಯನ್ನೂ ಅದರೊಳಗೆ ಇಳಿಸಿದ. ಮನೆಯಲ್ಲಿ ಇರು ಅಂದಿದ್ದಳಲ್ಲ, ತಾನೂ ಇಳಿದು ಕೌದಿಯ ಮೇಲೆ ಕುಳಿತು ಮೇಲೆ ಹಲಗೆ ಎಳೆದುಕೊಂಡ.

ಬಿಳಿ ವ್ಯಾನು ಬಂತು. ಅತಿಥಿಗೃಹದ ಗಂಡಹೆಂಡತಿ ಇಳಿದರು.

"ಫೋನು ಇದೇ ಜಾಗಾ ತೋರಸಾಕ ಹತ್ತೇತಿ," ಅಂದಳು ಹೆಂಡತಿ.

"ಬೋರ್ಡಿಲ್ಲ, ಕೌದಿ ಇಲ್ಲ, ಮನಿಶ್ಯಾರೂ ಇಲ್ಲ," ಅಂದ ಗಂಡ.

"ಮನ್ಯಾಗ ಯಾರದೀರ್ರೀ?"

ಹಗೇವಿನೊಳಗೆ ಮುದಕಪ್ಪ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಗು ತಡೆದ. ಅವರು ಪಡಸಾಲೆ ನೋಡಿದರು, ಹಿತ್ತಿಲು ನೋಡಿದರು. ಹಲಗೆಯ ಮೇಲೆಯೇ ನಡೆದುಹೋದರು. ಫಕೀರವ್ವನಿಗೆ ಫೋನು ಹಚ್ಚಿದರೆ ಹತ್ತಲಿಲ್ಲ. ಫೋನು ಸುಳ್ಳು ಹೇಳುತ್ತದೆ ಅಂತ ವ್ಯಾನು ಹತ್ತಿದರು.

ಫಕೀರವ್ವ ಆರು ಹೆಂಗಸರನ್ನು ಕರೆದುಕೊಂಡು ಬಂದಾಗ ಓಣಿಯ ತುದಿಯಲ್ಲಿ ಧೂಳು ಏಳುತ್ತಿತ್ತು. ಮುದಕಪ್ಪ ಹಗೇವಿನಿಂದ ಎದ್ದು ಬಂದ.

"ಯವ್ವಾ, ಗೆದ್ದಿವಿ. ಎಷ್ಟ ಹುಡುಕಿದ್ರೂ ಅವರಿಗೆ ಸಿಗಲಿಲ್ಲ."

ಹನಮವ್ವ ಸೆರಗಿನ ಗಂಟಿನಲ್ಲಿದ್ದ ಗುರುತಿನ ಚೀಟಿ ಮುಟ್ಟಿ ನೋಡಿಕೊಂಡಳು. ಅದನ್ನು ಕಂಡು ಫಕೀರವ್ವ ಕೂಗಿದಳು.

"ಓಡೋ, ಅವರ ಹಿಂದ ಓಡು."

ಮುದಕಪ್ಪ ಓಡಿದ. ಅವನ ಕಾಲು ಗಟ್ಟಿ. ರೈಲ್ವೆ ಗೇಟು ಹಾಕಿತ್ತು, ವ್ಯಾನು ನಿಂತಿತ್ತು. ಮುದಕಪ್ಪ ಹೋಗಿ ವ್ಯಾನಿನ ಹಿಂದೆ ನಿಂತ. ರೈಲು ಹೋಯಿತು, ಗೇಟು ಎತ್ತಿದರು, ವ್ಯಾನು ಹೊರಟಿತು. ಮುದಕಪ್ಪ ಹಿಂದೆ ಓಡಿದ. ಕನ್ನಡಿಯಲ್ಲಿ ಕಂಡು ಗಂಡ ವ್ಯಾನು ನಿಲ್ಲಿಸಿದ. ಮುದಕಪ್ಪನೂ ನಿಂತ. ಗಂಡ ಇಳಿದು ಬಂದ.

"ಯಾಕೋ ತಮ್ಮಾ, ಹಿಂದ ಓಡಾಕ ಹತ್ತೀದಿ?"

"ಅವ್ವ ಓಡು ಅಂದಾಳ್ರಿ."

"ನಿಮ್ಮವ್ವ ಯಾರು?"

"ಫಕೀರವ್ವ."

"ಕೌದಿ ಫಕೀರವ್ವನೇನು? ಮನಿ ಎಲ್ಲೈತಿ? ನಡಿ, ಮುಂದ ನಡಿ, ದಾರಿ ತೋರ್ಸು."

"ಆಗಂಗಿಲ್ಲ್ರಿ. ಅವ್ವ ಹಿಂದ ಓಡು ಅಂದಾಳ."

ಎಷ್ಟು ಹೇಳಿದರೂ ಕೇಳಲಿಲ್ಲ. ಒಳಗೆ ಕೂಡು ಅಂದರೆ ಕೂಡಲಿಲ್ಲ. ಕೊನೆಗೆ ವ್ಯಾನು ತಿರುಗಿತು. ದಾರಿ ಗೊತ್ತಿಲ್ಲದವರು ಮುಂದೆ, ಗೊತ್ತಿದ್ದವನು ಹಿಂದೆ. ಫೋನನ್ನು ಅವರು ಇನ್ನು ನಂಬುವ ಹಾಗಿರಲಿಲ್ಲ. ಎಡಕ್ಕೆ ಹೊರಳಿದರೆ ಇವನೂ ಎಡಕ್ಕೆ. ಬಲಕ್ಕೆ ಹೊರಳಿದರೆ ಇವನೂ ಬಲಕ್ಕೆ. ಇದೇ ಏನೋ ದಾರಿ ಅಂತ ಕಿಟಕಿಯಿಂದ ಕೇಳಿದರೆ ಅಲ್ಲ್ರಿ ಅನ್ನುವನು, ಓಡುವನು.

ಬಾಗಿಲಲ್ಲಿ ನಿಂತ ಏಳು ಹೆಂಗಸರಿಗೆ ಓಣಿಯ ಆ ತುದಿಯಲ್ಲಿ ವ್ಯಾನು ಹೋಗಿದ್ದು ಕಂಡಿತು, ಹಿಂದೆ ಮುದಕಪ್ಪ. ಸ್ವಲ್ಪ ಹೊತ್ತಿಗೆ ಅದೇ ವ್ಯಾನು ತಿರುಗಿ ಬಂತು, ಹಿಂದೆ ಮುದಕಪ್ಪ. ಮೂರನೇ ಸಲ ಕಂಡಾಗ ಹನಮವ್ವ ಸೀರೆ ಎತ್ತಿ ಸಿಕ್ಕಿಸಿದಳು.

"ನಡೀರೇ, ನಾವ ಹಿಡಿಯೂಣು."

ಆರೂ ಜನ ಓಡಿದರು. ಸೋಮವಾರ ಬಸ್ಸು ಹತ್ತುವವರು, ಬಿಟ್ಟು ಹೋಗುತ್ತೇವೆ ಅಂದವರು. ಅವರು ಓಡುವುದನ್ನು ನೋಡಿ ಫಕೀರವ್ವನ ಕಣ್ಣಲ್ಲಿ ನೀರು ಬಂತು. ದಾರಿಗೆ ಅಡ್ಡ ಕೈ ಕೈ ಹಿಡಿದು ನಿಂತರು. ವ್ಯಾನು ನಿಂತಿತು.

ಕೌದಿ ಹಗೇವಿನಿಂದ ಒಂದೊಂದೇ ಮೇಲೆ ಬಂದವು. ಪಡಸಾಲೆಯಲ್ಲಿ ಹಾಸಿದರು. ಹೆಂಡತಿ ಮುಟ್ಟಿ ನೋಡಿದಳು, ಹೊದ್ದು ನೋಡಿದಳು. ನಲವತ್ತು ಈಗಲೇ ಒಯ್ಯುತ್ತೇವೆ, ಅರವತ್ತು ಹೊಲಿದು ಕೊಡಿ ಅಂದಳು. ಹನಮವ್ವ ಚೀಟಿ ತೆಗೆದು ಒಲೆಗೆ ಹಾಕಿದಳು. ಉಳಿದ ಐವರೂ ಹಾಕಿದರು. ಫಕೀರವ್ವ ಎಲ್ಲರಿಗೂ ಚಹಾ ಕೊಟ್ಟಳು, ಒಬ್ಬಳಿಗೆ ಎರಡು ಸಲ ಕೊಟ್ಟಳು, ಒಬ್ಬಳಿಗೆ ಕೊಡುವುದು ಮರೆತಳು.

ಆ ಸಡಗರದಲ್ಲಿ ವ್ಯಾನು ತುಂಬಿತು, ಹೊರಟಿತು. ಮಗನಿಗೆ ಇಟ್ಟ ಚಹಾ ಆರುತ್ತಿದೆ ಅಂತ ಫಕೀರವ್ವ ಹೊರಗೆ ಬಂದು ಕರೆದಳು. ಮುದಕಪ್ಪ ಇರಲಿಲ್ಲ. ಓಡು ಅಂದಿದ್ದಳು, ಸಾಕು ಅಂದಿರಲಿಲ್ಲ.

ಎರಡು ತಾಸಿಗೆ ಫೋನು ಬಂತು.

"ಫಕೀರವ್ವಾರ, ನಿಮ್ಮ ಮಗ ಹಿಂದನ ಬಂದಾನ್ರಿ. ಊಟಕ್ಕ ನಿಂತಾಗ ನೋಡಿದಿವಿ. ಬಸ್ಸಿಗೆ ಹತ್ತಸ್ತೇವಂದ್ರ ಒಲ್ಲೆ ಅಂತಾನ, ನೀವು ಹೇಳಿಲ್ಲಂತ. ತಗೋರಿ, ಮಾತಾಡ್ರಿ."

"ಯವ್ವಾ, ಮುಂದ ಏನ ಮಾಡಲಿ?"

ಆ ದನಿ ಕೇಳಿ ಫಕೀರವ್ವನ ಸಿಟ್ಟೆಲ್ಲ ಇಳಿಯಿತು. ಅವಸರದಲ್ಲಿ ಬಾಯಿಗೆ ಬಂದದ್ದು ಅಂದಳು.

"ನನ್ನಪ್ಪಾ, ಹ್ಯಾಂಗ ಹೋದೆಯೋ ಹಂಗ ಬಾರೋ."

"ತಿಳೀತು ಬಿಡವ್ವಾ."

ಫೋನು ಇಟ್ಟ ಮೇಲೆ ಅವಳಿಗೆ ಹೊಳೆಯಿತು, ಅವನು ಹೋದದ್ದು ಗಾಡಿಯ ಹಿಂದೆ ಓಡಿಕೊಂಡು. ಆವತ್ತೆಲ್ಲ ಊಟ ಸೇರಲಿಲ್ಲ. ಮರುದಿನವೂ ಕೌದಿ ಹಾಸಿ ಏಳು ಜನ ಕುಳಿತರು. ಅರವತ್ತು ಹೊಲಿಯಬೇಕಿತ್ತಲ್ಲ. ಸೂಜಿ ಎಳೆಯುತ್ತಾ ಎಳೆಯುತ್ತಾ ಫಕೀರವ್ವ ದಾರಿ ನೋಡುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಇಟ್ಟಿಗೆ ತುಂಬಿದ ಟ್ರ್ಯಾಕ್ಟರ್ ಬಂತು. ಅದರ ಹಿಂದೆ ಮುದಕಪ್ಪ, ಮೈಯೆಲ್ಲ ಕೆಂಪು ಧೂಳು, ಬಾಯಿ ತುಂಬ ನಗು.

"ಬಂದೀನಿ ಯವ್ವಾ," ಅಂದ.

ಅಂದವನು ನಿಲ್ಲಲಿಲ್ಲ. ಟ್ರ್ಯಾಕ್ಟರ್ ಅವರ ಮನೆಯ ಮುಂದೆ ನಿಲ್ಲುವುದಲ್ಲವಲ್ಲ, ಅದು ಮುಂದಿನ ಊರಿಗೆ ಹೊರಟಿತ್ತು. ಅದು ಮುಂದೆ ಹೋಯಿತು, ಇವನು ಹಿಂದೆ ಹೋದ. ಆರು ಹೆಂಗಸರೂ ಒಟ್ಟಿಗೆ ಬಾಯಿ ತೆರೆದರು, ಒಬ್ಬಳು ನಿಲ್ಲು ಅನ್ನಲು, ಒಬ್ಬಳು ಬಾ ಅನ್ನಲು, ಒಬ್ಬಳು ಬಿಡು ಅನ್ನಲು. ಫಕೀರವ್ವ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. ಒಂದು ಮಾತೂ ಆಡದೆ ಎದ್ದು ಮಗನ ಹಿಂದೆ ಓಡಿದಳು.